ಹಳೆಯ ಮಾರಿಯೋ ಈಗಲೂ ಒಳ್ಳೆಯ ಆಟವೇ?

ಪ್ರಶ್ನೆ: ನಾನು ಕಲಬುರಗಿಯವ. 1997-98ರ ಬ್ಯಾಸಿಗಿ ರಜೆಯಲ್ಲಿ ಟಿವಿಗೆ ಹಚ್ಚುವ ವಿಡಿಯೋ ಗೇಮ್‌ನಲ್ಲಿ ಸೂಪರ್ ಮಾರಿಯೋ ಬ್ರದರ್ಸ್ ಆಡಿ ಎಂಟನೇ ವರ್ಲ್ಡ್ ತನಕ ಹೋಗುತ್ತಿದ್ದೆ. ಮೊನ್ನೆ ಹನ್ನೆರಡು ವರ್ಷದ ಮಗನಿಗೆ ತೋರಿಸಬೇಕೆಂದು ಅದೇ ಆಟವನ್ನು ಹೊಸ ಟಿವಿಗೆ ಹಾಕಿದೆ. ಹತ್ತು ನಿಮಿಷಕ್ಕೆ ಬಿಟ್ಟು ಎದ್ದ. "ಪಪ್ಪಾ, ಇವ ಜಾರ್ತಾನ, ಹಿಂದ ಹೋಗ್ಲಾಕ ಬರಲ್ಲ, ಮೂರು ಸಲ ಸತ್ತರ ಮತ್ತ ಮೊದಲಿಂದ. ಇದೇನ್ ಆಟ?" ಅಂದ. ಖರೆ ಹೇಳಬೇಕೆಂದರೆ ನನಗೂ ಕೈ ಹತ್ತಲಿಲ್ಲ. ಆಟ ನಿಜಕ್ಕೂ ಚಲೋ ಇತ್ತೋ, ಆವಾಗ ಬೇರೆ ಏನೂ ಇರಲಿಲ್ಲವೆಂದು ಚಲೋ ಅನಿಸಿತ್ತೋ?

ಉತ್ತರ: ಚಲೋ ಇತ್ತು, ಈಗಲೂ ಇದೆ. ಆದರೆ ಪೂರ್ತಿ ಆಟವಲ್ಲ. ನಿಮ್ಮ ಮಗನ ಮೂರು ದೂರುಗಳೂ ಒಂದೇ ತೂಕದವಲ್ಲ. ಒಂದರಲ್ಲಿ ಅರ್ಧ ತಪ್ಪು ನಿಮ್ಮ ಹೊಸ ಟಿವಿಯದು, ಒಂದು ಆ ಆಟದ ಸ್ವಭಾವ, ಕೊನೆಯದು ಮಾತ್ರ ಆಟದ ನಿಜವಾದ ದೋಷ.

ಟಿವಿಯಿಂದಲೇ ಶುರು ಮಾಡುತ್ತೇನೆ. ಹೆಚ್ಚಿನವರು ಇದನ್ನು ಬಿಟ್ಟು ನೇರ ಆಟದ ಮೇಲೆ ತೀರ್ಪು ಕೊಡುತ್ತಾರೆ. ಮೂಲ ಆಟ ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರಕ್ಕೆ 1985ರ ಸೆಪ್ಟೆಂಬರ್ 13ರಂದು ಬಂತು. ಅಲ್ಲಿನ ಟಿವಿಯಲ್ಲಿ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತಿತ್ತು. ನಮ್ಮ ಕಡೆಯ ಆಗಿನ ಟಿವಿ ಪಾಲ್ ಪದ್ಧತಿಯದು, ಸೆಕೆಂಡಿಗೆ 50. ಈ ಆಟ ಓಟ, ಜಿಗಿತ, ಗಡಿಯಾರ, ಹಾಡು ಎಲ್ಲವನ್ನೂ ಚಿತ್ರ ಬದಲಾಗುವ ಲೆಕ್ಕದಲ್ಲೇ ಅಳೆಯುತ್ತದೆ. ನಿಮ್ಮ ಮನೆಯಲ್ಲಿದ್ದದ್ದು ಪಾಲ್ ಟಿವಿಗೆ ಹೊಂದುವಂತೆ ಮಾಡಿದ ನಕಲಿ ಸೆಟ್ ಆಗಿದ್ದರೆ, ಅದರಲ್ಲಿ ಇದೇ ಆಟ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತಿತ್ತು. ಮೇಲೆ ಮೂಲೆಯಲ್ಲಿ 400ರಿಂದ ಇಳಿಯುವ ಅಂಕಿ ಸೆಕೆಂಡಲ್ಲ. ಒಂದು ಅಂಕಿ ಇಳಿಯಲು 24 ಚಿತ್ರ ಬೇಕು. ಹಾಗೆ ಲೆಕ್ಕ ಹಾಕಿದರೆ ಜಪಾನಿನ ಹುಡುಗನಿಗೆ ಒಂದು ಲೆವೆಲ್ ಮುಗಿಸಲು ಸಿಗುತ್ತಿದ್ದದ್ದು 160 ಸೆಕೆಂಡ್, ಕಲಬುರಗಿಯ ಹುಡುಗನಿಗೆ 192. ನಿಮ್ಮ ಬೆರಳುಗಳು ಕಲಿತದ್ದು ಆ ನಿಧಾನದ ಮಾರಿಯೋನನ್ನು. ಈಗ ನೀವು ಹಾಕಿದ್ದು ಬಹುಶಃ 60ರ ಮಾರಿಯೋ. ಕೈ ಹತ್ತದಿದ್ದರೆ ಅದು ವಯಸ್ಸಿನ ತಪ್ಪೆಂದು ಬೇಸರ ಮಾಡಿಕೊಳ್ಳಬೇಡಿ.

ಇದರ ಮೇಲೆ ಇನ್ನೊಂದು ತೊಡಕಿದೆ. ಹಳೆಯ ಡಬ್ಬಾ ಟಿವಿ ಸಿಗ್ನಲ್ ಬಂದ ಹಾಗೇ ಪರದೆಗೆ ಬರೆಯುತ್ತಿತ್ತು. ಹೊಸ ಎಲ್‌ಇಡಿ ಟಿವಿ ಚಿತ್ರವನ್ನು ಒಮ್ಮೆ ಹಿಡಿದು, ಬಣ್ಣ ತಿದ್ದಿ, ದೊಡ್ಡದು ಮಾಡಿ, ಆಮೇಲೆ ತೋರಿಸುತ್ತದೆ. ಈ ಚಂದ ಮಾಡುವ ಕೆಲಸಕ್ಕೆ 100 ಮಿಲಿಸೆಕೆಂಡ್ ಹಿಡಿಯಿತು ಅನ್ನಿ, ಅಷ್ಟರಲ್ಲಿ ಆರು ಚಿತ್ರ ದಾಟಿರುತ್ತವೆ. ಜೋರಾಗಿ ಓಡುವ ಮಾರಿಯೋ ಒಂದು ಚಿತ್ರಕ್ಕೆ ಸುಮಾರು ಎರಡೂವರೆ ಪಿಕ್ಸೆಲ್ ಮುಂದೆ ಹೋಗುತ್ತಾನೆ. ಆರು ಚಿತ್ರಕ್ಕೆ 15 ಪಿಕ್ಸೆಲ್. ಆ ಆಟದಲ್ಲಿ ಒಂದು ಇಟ್ಟಿಗೆಯ ಅಗಲವೇ 16 ಪಿಕ್ಸೆಲ್! ಅಂದರೆ ನಿಮ್ಮ ಮಗ ಹೊಂಡದ ಅಂಚು ನೋಡಿ ಬಟನ್ ಒತ್ತುವ ಹೊತ್ತಿಗೆ ಮಾರಿಯೋ ಆಗಲೇ ಒಂದು ಇಟ್ಟಿಗೆಯಷ್ಟು ಮುಂದೆ ಹೋಗಿ ಬೀಳುತ್ತಿರುತ್ತಾನೆ. "ಜಾರ್ತಾನ" ಅನ್ನುವ ಮಾತಿನಲ್ಲಿ ಅರ್ಧ ಇದೇ ಇದೆ. ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಇದ್ದರೆ ಹಾಕಿ, ವೈರ್ ಇರುವ ಕಂಟ್ರೋಲರ್ ಬಳಸಿ. ಫೋನಿನ ಗಾಜಿನ ಮೇಲೆ ಬೆರಳಾಡಿಸಿ ಈ ಆಟವನ್ನು ಅಳೆಯಲೇಬೇಡಿ.

ಇಷ್ಟು ಸರಿಮಾಡಿಕೊಂಡರೆ ಮುಂದೆ ಉಳಿಯುವುದು ನೆನಪಿನ ಕಾಟ. ಆಟದ ಲೆವೆಲ್ ಕಟ್ಟುವುದು ನನ್ನ ದಿನನಿತ್ಯದ ಕೆಲಸ. ಒಂದು ಲೆವೆಲ್ ಒಳ್ಳೆಯದೋ ಕೆಟ್ಟದ್ದೋ ತಿಳಿಯಬೇಕಾದರೆ ಅದನ್ನು ಎಂದೂ ಆಡದವರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರುತ್ತೇನೆ. ಹೋದ ಬ್ಯಾಸಿಗಿಯಲ್ಲಿ ಕಲಬುರಗಿಯ ಮನೆಗೆ ಬಂದಾಗ ಅಟ್ಟದ ಮೇಲಿದ್ದ ಹಳೆಯ ಟಿವಿ ಇಳಿಸಿ, ಕಂಟ್ರೋಲರನ್ನು ನಮ್ಮ ವೈನಿಯ ಕೈಗೆ ಕೊಟ್ಟೆ. ಅವರಿಗೆ ಐವತ್ತು ದಾಟಿದೆ. ನಾನು ಮತ್ತು ಅಣ್ಣ ಆಡುವಾಗ ದೂರದಿಂದ ನೋಡಿದ್ದು ಬಿಟ್ಟರೆ ಒಂದು ದಿನವೂ ಕೈಯಲ್ಲಿ ಹಿಡಿದವರಲ್ಲ. ಮಧ್ಯಾಹ್ನದ ಹೊತ್ತು, ಕೂಲರ್ ಗುಂಯ್ ಅನ್ನುತ್ತಿತ್ತು. ಮೊರದಲ್ಲಿ ತೊಗರಿ ಬ್ಯಾಳಿ ಹಸನು ಮಾಡುತ್ತ ಕೂತವರು ಸೆರಗಿಗೆ ಕೈ ಒರೆಸಿಕೊಂಡು, "ನನಗೇನ್ ಬರ್ತದೋ ಇದು" ಅನ್ನುತ್ತಲೇ ಹಿಡಿದರು. ನಾನು ಹೇಳಿದ್ದು ಇಷ್ಟೇ: ಇದು ನಡೀಲಾಕ, ಇದು ಹಾರ್ಲಾಕ.

ಪರದೆಯ ಎಡಕ್ಕೆ ಒಬ್ಬ ಮನುಷ್ಯ, ಅವನ ಮುಖ ಬಲಕ್ಕೆ, ಬಲಗಡೆ ಎಲ್ಲ ಖಾಲಿ. ಎಲ್ಲಿಗೆ ಹೋಗಬೇಕೆಂದು ವೈನಿ ನನ್ನನ್ನು ಕೇಳಲಿಲ್ಲ. ಬಲಕ್ಕೆ ನಡೆದರು, ಎದುರು ಬಂದ ಗೂಂಬಾ ಎಂಬ ಕಂದು ಬಣ್ಣದ ಶತ್ರುವನ್ನು ನೇರ ಹೋಗಿ ಮುಟ್ಟಿದರು, ಸತ್ತರು. "ಅಯ್ಯ, ಮುಟ್ಟಿದ್ರ ಸಾಯ್ತಾನೇನು?" ಅಂದರು. ಆಟ ಶುರುವಾಗಿ ಹತ್ತು ಸೆಕೆಂಡೂ ಆಗಿರಲಿಲ್ಲ, ಕಳೆದುಕೊಂಡದ್ದೂ ಅಷ್ಟೇ ದೂರ. ಎರಡನೇ ಸಲ ಅದು ಬಂದಾಗ ಹಾರಿದರು. ತಲೆ ಪ್ರಶ್ನೆ ಚಿಹ್ನೆಯ ಡಬ್ಬಿಗೆ ಬಡಿದು ನಾಣ್ಯ ಬಂತು. ಬೇಕೆಂದು ಹೊಡೆದದ್ದಲ್ಲ. ಆದರೂ ಅದಾದ ಮೇಲೆ ಅಂಥ ಡಬ್ಬಿ ಕಂಡಲ್ಲೆಲ್ಲ ತಾವೇ ಹೊಡೆಯತೊಡಗಿದರು.

ಮುಂದಿನ ಸಾಲಿನ ಡಬ್ಬಿಯಿಂದ ಅಣಬೆ ಹೊರಬಂತು. ಇದನ್ನು ನಿಧಾನವಾಗಿ ಹೇಳುತ್ತೇನೆ, ಈ ಆಟದ ಜಾಣತನವೆಲ್ಲ ಇಲ್ಲಿದೆ. ಅಣಬೆ ಇಟ್ಟಿಗೆಗಳ ಮೇಲೆ ಬಲಕ್ಕೆ ಜಾರುತ್ತ ಹೋಯಿತು. ವೈನಿ "ಹೋತು ಬಿಡು" ಅಂದು ನಿರಾಳವಾದರು. ಅದು ಅಂಚಿನಿಂದ ಕೆಳಗೆ ಬಿದ್ದು, ಅಲ್ಲಿದ್ದ ಹಸಿರು ಪೈಪಿಗೆ ಬಡಿದು, ತಿರುಗಿ ಅವರ ಕಡೆಗೇ ಬಂತು. ನೋಡಲಿಕ್ಕೆ ಗೂಂಬಾದ ಹಾಗೇ ಇದೆ. ಗಾಬರಿಯಾಗಿ ಹಾರಿದರು. ಆದರೆ ತಲೆಯ ಮೇಲೆ ಇಟ್ಟಿಗೆಯ ಸಾಲು, ಬಡಿದು ಸೀದಾ ಅಣಬೆಯ ಮೇಲೇ ಬಿದ್ದರು. ಸತ್ತೆ ಅಂತಲೇ ತಿಳಿದಿದ್ದರು. ಮಾರಿಯೋ ಎರಡರಷ್ಟಾದ. "ದೊಡ್ಡವ ಆದ ನೋಡು!" ಅಂತ ಕೂಗಿದ್ದಕ್ಕೆ ಒಳಗೆ ಮಲಗಿದ್ದ ಅಣ್ಣ ಎದ್ದು ಬಂದ.

ಆ ಪೈಪು ಅಲ್ಲಿರುವುದು, ಆ ಇಟ್ಟಿಗೆಯ ಸಾಲು ಅಷ್ಟೇ ಎತ್ತರಕ್ಕಿರುವುದು ಸುಮ್ಮನೆ ಆದದ್ದಲ್ಲ. ಹೊಸಬರು ಅಣಬೆಯಿಂದ ತಪ್ಪಿಸಿಕೊಳ್ಳಲು ನೋಡಿದರೂ ಅದು ಅವರಿಗೆ ದಕ್ಕಲೇಬೇಕೆಂದು ಹೀಗೆ ಜೋಡಿಸಿದ್ದಾಗಿ ಈ ಆಟ ಮಾಡಿದ ಶಿಗೆರು ಮಿಯಾಮೊಟೊ ಅವರೇ 2015ರಲ್ಲಿ ವಿವರಿಸಿದ್ದಾರೆ. ಒಂದು ಅಕ್ಷರ ಬರೆಯದೆ, ಒಂದು ಬಾಣದ ಗುರುತು ಹಾಕದೆ, ಬರೀ ಪೈಪು ಇಟ್ಟಿಗೆಗಳ ಜಾಗದಿಂದ ಪಾಠ ಹೇಳುವುದು ಎಷ್ಟು ಕಷ್ಟವೆಂದು ನನ್ನ ಕೆಲಸದಲ್ಲಿ ದಿನವೂ ನೋಡುತ್ತೇನೆ. ನಾನು ಕಟ್ಟಿದ ಲೆವೆಲ್‌ಗಳಲ್ಲಿ ಇಷ್ಟು ಶುದ್ಧವಾದದ್ದು ಒಂದೂ ಇಲ್ಲ.

ಮುಂದಿನ ಪೈಪುಗಳೂ ಹಾಗೇ. ಮೊದಲನೆಯದು ಎರಡು ಇಟ್ಟಿಗೆ ಎತ್ತರ, ಆಮೇಲಿನದು ಮೂರು, ಅದರ ಮುಂದಿನದು ನಾಲ್ಕು. ನಾಲ್ಕರ ಮುಂದೆ ವೈನಿ ಸಿಕ್ಕಿಬಿದ್ದರು. ಬಟನ್ ಟಪ್ ಟಪ್ ಒತ್ತಿ ಬಿಡುತ್ತಿದ್ದರು, ಮಾರಿಯೋ ಅರ್ಧಕ್ಕೆ ಇಳಿಯುತ್ತಿದ್ದ. ಐದಾರು ಸಲ ಆದ ಮೇಲೆ ಸಿಟ್ಟಿನಲ್ಲಿ ಒತ್ತಿ ಹಿಡಿದರು, ಹತ್ತಿ ನಿಂತ. "ಒತ್ತಿ ಹಿಡಿದ್ರ ಎತ್ತರ ಹೋಗ್ತಾನ" ಅಂತ ನನಗೇ ಹೇಳಿಕೊಟ್ಟರು.

ಲೆವೆಲ್‌ನ ಕೊನೆಗೆ ಎದುರುಬದುರು ಮೆಟ್ಟಿಲುಗಳು ಎರಡು ಕಡೆ ಬರುತ್ತವೆ, ನಿಮಗೆ ನೆನಪಿರಬೇಕು. ಮೊದಲ ಜೋಡಿಯ ನಡುವೆ ನೆಲ ಇದೆ. ವೈನಿ ಅಲ್ಲಿ ಬಿದ್ದರು, ಏನೂ ಆಗಲಿಲ್ಲ, ಹತ್ತಿ ಮುಂದೆ ಹೋದರು. ಎರಡನೇ ಜೋಡಿಯೂ ಹೆಚ್ಚುಕಡಿಮೆ ಹಾಗೇ ಇದೆ, ಆದರೆ ನಡುವೆ ಹೊಂಡ. ಬಿದ್ದರು, ಸತ್ತರು. ಆಗ ಅವರು ಅಂದ ಮಾತನ್ನು ನಾನು ಬರೆದಿಟ್ಟುಕೊಂಡೆ: "ನಾ ಜಲ್ದಿ ಬಿಟ್ಟೆ."

ಹಳೆಯದಿರಲಿ ಹೊಸದಿರಲಿ, ಹಾರುವ ಆಟಕ್ಕೆ ನಾನು ಹಿಡಿಯುವ ತಕ್ಕಡಿ ಇದೇ. ಸತ್ತ ಕ್ಷಣಕ್ಕೆ ಆಡುವವರ ಬಾಯಲ್ಲಿ ಏನು ಬರುತ್ತದೆ? "ನಾ ಜಲ್ದಿ ಬಿಟ್ಟೆ" ಅಂದರೆ ಅವರಿಗೆ ತಪ್ಪು ಕಂಡಿದೆ, ಮುಂದಿನ ಸಲ ಏನು ಮಾಡಬೇಕೆಂದೂ ಗೊತ್ತಾಗಿದೆ, ಮತ್ತೆ ಆಡುತ್ತಾರೆ. "ಇಲ್ಲಿ ಏನ್ ಮಾಡಬೇಕು?" ಅಂದರೆ ಆ ಜಾಗದಲ್ಲಿ ಆಟ ಕಟ್ಟಿದವನು ಸೋತಿದ್ದಾನೆ. ಚಿತ್ರ ಎಷ್ಟು ಚಂದ, ಯಾವ ಇಸವಿಯದು ಅನ್ನುವುದೆಲ್ಲ ಆಮೇಲಿನ ಮಾತು. ಬೆಳೆದವರ ನೆನಪೂ ಈ ತಕ್ಕಡಿಯನ್ನು ಅಲುಗಿಸಲಾರದು, ಯಾಕೆಂದರೆ ಆ ಮಾತು ಯೋಚನೆ ಮಾಡಿ ಬರುವುದಲ್ಲ.

ಈಗ ನಿಮ್ಮ ಮಗನ ಮಾತಿಗೆ ಬರೋಣ. ಟಿವಿಯ ತಡ ಕಳೆದರೂ ಮಾರಿಯೋ ಜಾರುತ್ತಾನೆ, ಅದು ಖರೆ. ಅವನಿಗೆ ತೂಕ ಕೊಟ್ಟಿದ್ದಾರೆ. ವೇಗ ಒಮ್ಮೆಲೇ ಬರುವುದಿಲ್ಲ, ಒಮ್ಮೆಲೇ ಹೋಗುವುದೂ ಇಲ್ಲ. ನಿಂತಲ್ಲಿಂದ ನಾಲ್ಕು ಇಟ್ಟಿಗೆ ಹಾರುವವನು ಓಡಿಬಂದರೆ ಐದು ಹಾರುತ್ತಾನೆ. ಬಟನ್ ಹಿಡಿದಿರುವ ತನಕ ಮೇಲೇರುವಾಗ ಭೂಮಿಯ ಸೆಳೆತ ಕಡಿಮೆ, ಬಿಟ್ಟ ಕೂಡಲೇ ಜಾಸ್ತಿ. ಗಾಳಿಯಲ್ಲಿದ್ದಾಗಲೂ ಸ್ವಲ್ಪ ಎಡಬಲ ತಿರುಗಿಸಬಹುದು. ಇದೇ ಮಿಯಾಮೊಟೊ ಅವರ 1981ರ ಡಾಂಕಿ ಕಾಂಗ್ ಆಡಿ ನೋಡಿ, ಅಲ್ಲಿ ಒಮ್ಮೆ ಹಾರಿದರೆ ಮುಗಿಯಿತು, ಬೀಳುವ ತನಕ ನಿಮ್ಮ ಕೈಯಲ್ಲಿ ಏನೂ ಇಲ್ಲ. ನಾಲ್ಕು ವರ್ಷದಲ್ಲಿ ಜಿಗಿತವನ್ನು ಒಂದು ಬಟನ್ನಿನ ಕೆಲಸದಿಂದ ಬೆರಳಿನ ಅಳತೆಯ ಕೆಲಸವಾಗಿ ಮಾಡಿದರು. ಸೈಕಲ್ ಕಲಿಯುವಾಗ ಬ್ರೇಕ್ ಹಿಡಿದ ಮೇಲೂ ಎರಡು ಗಜ ಮುಂದೆ ಹೋಗುತ್ತದಲ್ಲ, ಆ ಎರಡು ಗಜ ಮೈಗೆ ಒಗ್ಗಿದ ದಿನ ಸೈಕಲ್ ಬಂತು ಅನ್ನುತ್ತೇವೆ. ಈ ಜಾರುವಿಕೆಯೂ ಅಂಥದ್ದು. ನಾನು ಇದನ್ನು ದೋಷವೆಂದು ಒಪ್ಪುವುದಿಲ್ಲ. ಹತ್ತು ನಿಮಿಷಕ್ಕೆ ಸಿಗುವಂಥದ್ದಲ್ಲ ಅಷ್ಟೇ.

ಹಿಂದಕ್ಕೆ ಹೋಗಲು ಬರುವುದಿಲ್ಲ ಅನ್ನುವುದಕ್ಕೆ ಯಂತ್ರದ ಮಿತಿಯನ್ನೂ ನೋಡಬೇಕು. ಇಡೀ ಆಟ 40 ಕಿಲೋಬೈಟ್. ಯಂತ್ರ ಕೆಲಸ ಮಾಡುವಾಗ ನೆನಪಿಟ್ಟುಕೊಳ್ಳಲು ಇದ್ದದ್ದು 2 ಕಿಲೋಬೈಟ್. ಮೇಲಿನ ಮೋಡ ಮತ್ತು ಕೆಳಗಿನ ಪೊದೆ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಗಮನಿಸಿದ್ದಿರೇನು? ಪರದೆ ಬಲಕ್ಕೇ ಸರಿಯುವುದಾದರೆ ಹಿಂದೆ ಒಡೆದ ಇಟ್ಟಿಗೆ, ತೆಗೆದ ನಾಣ್ಯಗಳ ಲೆಕ್ಕವನ್ನು ಇಟ್ಟುಕೊಳ್ಳುವ ಕೆಲಸವೇ ತಪ್ಪುತ್ತದೆ. ಇದರಿಂದ ಆಟಕ್ಕೆ ಲಾಭವೂ ಆಯಿತು. ಬಿಟ್ಟ ಅಣಬೆ ಬಿಟ್ಟದ್ದೇ, ಆದ್ದರಿಂದ ಪ್ರತಿ ಪರದೆಯಲ್ಲೂ ನಿರ್ಧಾರ ಅಲ್ಲಿಯೇ ಆಗಬೇಕು. ಮುಂದೆ 1988ರ ಮೂರನೇ ಮಾರಿಯೋದಲ್ಲಿ ಹಿಂದಕ್ಕೂ ಹೋಗಲು ಬಿಟ್ಟರು. ಅದು ಅಡ್ಡಾಡಿ ಹುಡುಕುವ ಆಟವಾಯಿತು, ಇದು ಓಟದ ಆಟ. ನನಗೆ ಎರಡೂ ಬೇಕು.

ಇನ್ನು ನಿಮ್ಮ ಒಂದು ಮಾತು. ಎಂಟನೇ ವರ್ಲ್ಡ್ ತನಕ ಹೋಗುತ್ತಿದ್ದೆ ಎಂದು ಬರೆದಿದ್ದೀರಿ. ಪೈಪಿನ ದಾರಿಯಲ್ಲಿ ಹೋಗುತ್ತಿದ್ದಿರಲ್ಲವೇ? ನಾವೂ ಹಾಗೇ. 1-2ರಲ್ಲಿ, ಅಂದರೆ ಮೊದಲ ವರ್ಲ್ಡಿನ ಎರಡನೇ ಲೆವೆಲ್‌ನಲ್ಲಿ, ಮೇಲಿನ ಇಟ್ಟಿಗೆಗಳ ಮೇಲೆ ಓಡಿ ಆ ಮೂರು ಪೈಪು ಸೇರಿ ನಾಲ್ಕನೇ ವರ್ಲ್ಡಿಗೆ, 4-2ರಲ್ಲಿ ಬಳ್ಳಿ ಹತ್ತಿ ಎಂಟಕ್ಕೆ. ಲೆಕ್ಕ ಹಾಕಿ ನೋಡಿ: 1-1, 1-2, 4-1, 4-2, ಆಮೇಲೆ ಎಂಟನೆಯದರ ನಾಲ್ಕು. ಇಡೀ ಆಟದಲ್ಲಿ 32 ಲೆವೆಲ್, ನಾವು ಕಂಡದ್ದು ಎಂಟು. ಅದರಲ್ಲೂ ಬ್ಯಾಸಿಗಿಯಲ್ಲಿ ಕರೆಂಟ್ ಹೋದರೆ ಆಟ ಉಳಿಯುತ್ತಿರಲಿಲ್ಲ, ಬಂದ ಮೇಲೆ ಮತ್ತೆ 1-1. ಹೀಗೆ ನಾವು ನೂರಾರು ಸಲ ಆಡಿದ್ದು ಈ ಆಟದಲ್ಲೇ ಅತ್ಯಂತ ಚೆನ್ನಾಗಿ ಕಟ್ಟಿದ ಎರಡು ಲೆವೆಲ್‌ಗಳನ್ನು. ನಮ್ಮ ನೆನಪು ಸುಳ್ಳು ಹೇಳುತ್ತಿಲ್ಲ, ಅದಕ್ಕೆ ಗೊತ್ತಿರುವುದೇ ಆ ಎರಡು.

ಹೋದ ವರ್ಷ ನಾನು ಪೈಪು ಮುಟ್ಟದೆ ಪೂರ್ತಿ ಆಡಿದೆ. ನಾಲ್ಕನೆಯ ವರ್ಲ್ಡ್ ತನಕ ಒಂದೊಂದು ಲೆವೆಲ್ಲೂ ಹೊಸದೇನಾದರೂ ತರುತ್ತದೆ. 4-1ರಲ್ಲಿ ಮೋಡದ ಮೇಲೆ ಕೂತು ಮುಳ್ಳಿನ ಪ್ರಾಣಿ ಎಸೆಯುವವನು ಬಂದಾಗ ನಿಂತು ಯೋಚಿಸುವ ನಮ್ಮ ಚಟವೇ ಬಿಟ್ಟುಹೋಗುತ್ತದೆ. ಐದರಿಂದ ಏಳರ ತನಕ ಮಾತ್ರ ಸರಕು ತೀರಿದ್ದು ಕಾಣುತ್ತದೆ. 5-3 ಅಂದರೆ 1-3ರ ದಾರಿಯೇ, 5-4 ಅಂದರೆ 2-4, 6-4 ಅಂದರೆ 1-4, 7-2 ಮತ್ತು 7-3 ಅಂದರೆ 2-2 ಮತ್ತು 2-3. ಒಂದಿಷ್ಟು ಶತ್ರು, ಗುಂಡು ಹೆಚ್ಚಿಸಿದ್ದಾರೆ. ನಿನ್ನೆಯ ಸಾರಿಗೆ ಇವತ್ತು ಖಾರ ಹಾಕಿ ಬಡಿಸಿದ ಹಾಗೆ. 40 ಕಿಲೋಬೈಟಿನಲ್ಲಿ ಇನ್ನೇನು ಮಾಡಬೇಕಿತ್ತು ಅಂದರೆ ನನ್ನ ಉತ್ತರ: 24 ಲೆವೆಲ್ಲಿಗೆ ನಿಲ್ಲಿಸಬೇಕಿತ್ತು.

ಅದಕ್ಕಿಂತ ಕೆಟ್ಟದ್ದು 4-4 ಮತ್ತು 7-4ರ ಕೋಟೆ. ಅಲ್ಲಿ ಮೇಲಿನ ದಾರಿ, ಕೆಳಗಿನ ದಾರಿ ಎಂದು ಕವಲುಗಳಿವೆ. ತಪ್ಪು ದಾರಿ ಹಿಡಿದರೆ ಅದೇ ಜಾಗ ಮತ್ತೆ ಮತ್ತೆ ಬರುತ್ತದೆ. ಸರಿಯಾದ ದಾರಿ ಹಿಡಿದಾಗ ಸರಿ ಅನ್ನುವ ಗುರುತಿಲ್ಲ, ತಪ್ಪಿದಾಗ ತಪ್ಪಿತು ಅನ್ನುವ ಗುರುತೂ ಇಲ್ಲ. ಗಡಿಯಾರ ಮುಗಿದು ಸಾಯುತ್ತೀರಿ. ಅಣ್ಣ ಮೂವತ್ತು ವರ್ಷದಿಂದ ಈ ಆಟದ ಅಭಿಮಾನಿ, ಅವನನ್ನು ಮೊದಲ ಬಾರಿ 7-4ಕ್ಕೆ ಕೂರಿಸಿದಾಗ ಅವನ ಬಾಯಲ್ಲೂ ಬಂದದ್ದು ಅದೇ ಮಾತು: "ಇಲ್ಲಿ ಏನ್ ಮಾಡಬೇಕೋ?" ಬೀದರ ಕೋಟೆಯೊಳಗೆ ಹೋಗುವಾಗ ಶರ್ಜಾ ದರ್ವಾಜಾ ದಾಟುವ ದಾರಿ ಸೊಟ್ಟಂಬಟ್ಟ ತಿರುಗುತ್ತದೆ. ವೈರಿಯ ನುಗ್ಗು ಮುರಿಯಲು ಕೋಟೆ ಕಟ್ಟುವವರು ಮಾಡುವ ಕೆಲಸ ಅದು, ಆದರೂ ತಿರುವು ಕಣ್ಣಿಗೆ ಕಾಣುತ್ತದೆ. ಆಟ ಆಡಲು ಬಂದವರು ವೈರಿಗಳಲ್ಲ, ಅವರಿಗೆ ಅಷ್ಟೂ ಕಾಣಿಸದಂತೆ ಮಾಡಿದ್ದು ಅನ್ಯಾಯ. 8-4ರಲ್ಲಿಯೂ ಇದೇ ಗೋಜಲು. 8-3ರ ಸುತ್ತಿಗೆ ಎಸೆಯುವ ಜೋಡಿಗಳ ಎಸೆತದಲ್ಲಿ ಕಲಿಯಬಹುದಾದ ತಾಳವೇ ಇಲ್ಲ, ದೈವ ಒಲಿದರೆ ದಾಟಿದಿರಿ.

ಮೂರು ಲೈಫ್ ವಿಷಯದಲ್ಲಿ ನಿಮ್ಮ ಮಗನೇ ಸರಿ. ನಾಣ್ಯ ಹಾಕಿ ಆಡುವ ಅಂಗಡಿ ಯಂತ್ರಗಳ ಕಾಲದ ರೂಢಿ ಅದು. ಸತ್ತವರು ಬೇಗ ಎದ್ದರೆ ಅಂಗಡಿಗೆ ಲಾಭ. ಮನೆಯಲ್ಲಿ ಆಡುವವರಿಗೆ ಅದು ಬೇಕಿರಲಿಲ್ಲ. 6-3ರಲ್ಲಿ ಸೋತವರನ್ನು 1-1ಕ್ಕೆ ಕಳಿಸಿದರೆ 6-3ರ ಪಾಠ ಕಲಿಯುವುದು ಯಾವಾಗ? ಎಂಟನೇ ವರ್ಲ್ಡಿನಲ್ಲಿ ನಡುದಾರಿಯಿಂದ ಮತ್ತೆ ಶುರುಮಾಡುವ ಅನುಕೂಲವನ್ನೂ ತೆಗೆದುಹಾಕಿದ್ದಾರೆ, ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ಜಾಗದಲ್ಲಿ. ಇದಕ್ಕೆ ಆಟದೊಳಗೇ ಒಂದು ಮದ್ದಿದೆ, ನಮ್ಮ ಕಾಲದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಎಲ್ಲ ಲೈಫ್ ಮುಗಿದು ಮೊದಲ ಪರದೆ ಬಂದಾಗ ಎ ಬಟನ್ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿ. ಸತ್ತ ವರ್ಲ್ಡಿನ ಮೊದಲ ಲೆವೆಲ್‌ನಿಂದ ಶುರುವಾಗುತ್ತದೆ.

ಮಗನನ್ನು ಮತ್ತೆ ಕೂರಿಸುವುದಾದರೆ ಹೀಗೆ ಮಾಡಿ. ಟಿವಿ ಸರಿಮಾಡಿಕೊಂಡು, ಈ ಎ ಬಟನ್ನಿನ ಗುಟ್ಟನ್ನು ಮೊದಲೇ ಹೇಳಿಬಿಡಿ, ಮೊದಲಿಂದ ಆಡಬೇಕೆಂಬ ಸಿಟ್ಟು ಅಲ್ಲಿಗೇ ಇಳಿಯುತ್ತದೆ. ಒಂದರಿಂದ ನಾಲ್ಕನೇ ವರ್ಲ್ಡ್ ಪೂರ್ತಿ ಆಡಲಿ, 4-4ರ ದಾರಿ ನೀವೇ ತೋರಿಸಿ. ಐದು, ಆರು, ಏಳು ಬಿಟ್ಟರೂ ನಷ್ಟವಿಲ್ಲ. ಉಳಿದಂತೆ ಅವನ ಕೈಯಿಂದ ಕಂಟ್ರೋಲರ್ ಕಸಿದುಕೊಂಡು "ಹಿಂಗ ಮಾಡು" ಅನ್ನಬೇಡಿ. ನನಗೂ ವೈನಿಯ ಪಕ್ಕದಲ್ಲಿ ಸುಮ್ಮನೆ ಕೂರುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಅವನು 1-1ರ ಎರಡನೇ ಮೆಟ್ಟಿಲ ಹೊಂಡಕ್ಕೆ ಬಿದ್ದಾಗ ಏನಂದ ಅನ್ನುವುದನ್ನು ಕಿವಿಗೊಟ್ಟು ಕೇಳಿ, ಅದೇ ಮಾತನ್ನು ಇದ್ದ ಹಾಗೇ ನನಗೆ ಬರೆದು ಕಳಿಸಿ.